ಬೇಸಿಗೆಗೆ ಹೊಗೆಯ ಒಗ್ಗರಣೆ

ಒಂದು ಸ್ಟೀಲ್ ಚೊಂಬನ್ನು ಒಳಗೆಲ್ಲ ಒರೆಸಿ ಒಣಗಿಸಿಟ್ಟುಕೊಳ್ಳಿ. ನೆಲ್ಲಿಕಾಯಿ ಗಾತ್ರದ ಇದ್ದಿಲನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಗೆ ಒಡ್ಡಿ. ನಾಲ್ಕೈದು ನಿಮಿಷದಲ್ಲಿ ಮೈಯೆಲ್ಲ ಕೆಂಪಾಗಿ ಅಂಚಿಗೆ ಬೂದಿ ಕಟ್ಟುತ್ತದೆ. ಆಗ ಅದನ್ನು ಪುಟ್ಟ ಬಟ್ಟಲಿಗೆ ಹಾಕಿ, ಮೇಲೆ ಎರಡು ಲವಂಗ, ಒಂದು ಚಿಟಿಕೆ ಜೀರಿಗೆ, ಅರ್ಧ ಚಮಚ ತುಪ್ಪ. ಚುಂಯ್ ಎಂದು ಹೊಗೆ ಏಳುತ್ತಿದ್ದಂತೆ ಚೊಂಬನ್ನು ಅದರ ಮೇಲೆ ಬೋರಲು ಹಾಕಿ. ಎರಡು ನಿಮಿಷ ಬಿಟ್ಟು ಚೊಂಬನ್ನೆತ್ತಿ ನೆಟ್ಟಗೆ ಮಾಡಿ, ತಣ್ಣನೆಯ ಮಜ್ಜಿಗೆಯನ್ನು ಅರ್ಧದವರೆಗೆ ಸುರಿದು, ಮುಚ್ಚಿ ಕುಲುಕಿ. ಗುಜರಾತ್, ರಾಜಸ್ಥಾನದ ಕಡೆ ಧುಂಗಾರ್ ಎನ್ನುವುದು ಇದನ್ನೇ.

ಮಜ್ಜಿಗೆ ಸುರಿಯುವ ಹೊತ್ತಿಗೆ ಹೊಗೆಯ ಬಹುಪಾಲು ಗಾಳಿಗೆ ಹಾರಿಹೋಗಿರುತ್ತದೆ. ಆದರೂ ಮಜ್ಜಿಗೆಗೆ ಪರಿಮಳ ಬರುತ್ತದೆ. ಬೆರಳಿನಿಂದ ಚೊಂಬಿನ ಒಳಮೈ ಸವರಿ ನೋಡಿದರೆ ಕಾರಣ ಗೊತ್ತಾಗುತ್ತದೆ: ತೆಳ್ಳನೆಯ, ತುಸು ಅಂಟಾದ ಲೇಪ. ಹೊಗೆಯ ಕಣಗಳು ಬಿಸಿ ಗಾಳಿಯಿಂದ ತಣ್ಣನೆಯ ಮೇಲ್ಮೈ ಕಡೆಗೆ ಸರಿದು ಅಲ್ಲಿ ಕೂರುತ್ತವೆ, ಅದರ ಆವಿಗಳೂ ಅಲ್ಲೇ ತಣಿದು ನಿಲ್ಲುತ್ತವೆ. ಪರಿಮಳ ಕೊಡುವ ಪದಾರ್ಥಗಳು ಜಿಡ್ಡಿನಲ್ಲಿ ಸಲೀಸಾಗಿ ಕರಗುವುದರಿಂದ ಮಜ್ಜಿಗೆಯಲ್ಲಿ ಉಳಿದಿರುವ ಬೆಣ್ಣೆಯಂಶ ಅವನ್ನು ಹಿಡಿದಿಟ್ಟುಕೊಳ್ಳುತ್ತದೆ. ನೀರುಮಜ್ಜಿಗೆಗಿಂತ ಗಟ್ಟಿ ಮಜ್ಜಿಗೆಗೆ ಹೊಗೆ ಚೆನ್ನಾಗಿ ಹತ್ತುವುದು ಇದಕ್ಕೇ.

ಆಡುಮಾತಿನಲ್ಲಿ ‘ಹೊಗೆ ಹಾಕಿಸಿಕೊಳ್ಳುವುದು’ ಅಷ್ಟು ಶುಭದ ಮಾತಲ್ಲ. ಅಡುಗೆಮನೆಯಲ್ಲೂ ಹೊಗೆಯನ್ನು ಸಾಸಿವೆ, ಇಂಗಿನ ಹಾಗೆ ಅಳತೆ ಹಿಡಿದು ಬಳಸಬೇಕು, ಚಮಚದ ಲೆಕ್ಕದಲ್ಲಿ, ನಿಮಿಷದ ಲೆಕ್ಕದಲ್ಲಿ. ಗಂಟೆಗಟ್ಟಲೆ ಹೊಗೆಯಲ್ಲೇ ಬೇಯಿಸುವ ಅಮೆರಿಕದ ಬಾರ್ಬೆಕ್ಯೂ ಪದ್ಧತಿಗೆ ಅಂಗಳ ಬೇಕು, ದೊಡ್ಡ ಪೆಟ್ಟಿಗೆ ಬೇಕು, ಏಪ್ರಿಲ್ ತಿಂಗಳ ಸೆಕೆಯಲ್ಲಿ ಅದರ ಪಕ್ಕ ನಿಲ್ಲುವ ತಾಳ್ಮೆಯೂ ಬೇಕು. ಮನೆಯ ಒಲೆಯ ಮೇಲೆ ಬಾಣಲೆಯಲ್ಲೇ ಹೊಗೆ ಹಾಕುವ ದಾರಿಗೆ ಹದಿನೈದು ನಿಮಿಷದ ಉರಿ ಸಾಕು.

ಮಲೆನಾಡು, ಕೊಡಗಿನ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಮೀನು, ಮಾಂಸ ಒಣಗಿಸುತ್ತಿದ್ದರು. ಉತ್ತರ ಕನ್ನಡದಲ್ಲಿ ಉಪ್ಪಾಗೆ ಎಂಬ ಹುಳಿಕಾಯಿ ಹಣ್ಣಾಗುವುದು ಮಳೆಗಾಲದಲ್ಲಿ, ಹಾಗಾಗಿ ಅದರ ಸಿಪ್ಪೆಯನ್ನು ಬೆಂಕಿ, ಹೊಗೆಯಲ್ಲೇ ಒಣಗಿಸಬೇಕು. ಅಲ್ಲೆಲ್ಲ ಹೊಗೆಯದು ಕೆಡದಂತೆ ಕಾಪಾಡುವ ಕೆಲಸ. ಅದರ ಅರ್ಧ ಗುಟ್ಟು ದಿನಗಟ್ಟಲೆ ಆರಿಹೋಗುವ ನೀರಿನಲ್ಲಿದೆ. ಹತ್ತು ನಿಮಿಷ ಹೊಗೆ ಕಂಡ ಪನೀರ್ ಮಾಮೂಲಿ ಪನೀರ್‌ಗಿಂತ ಒಂದು ದಿನವೂ ಹೆಚ್ಚು ಬಾಳುವುದಿಲ್ಲ. ಇದನ್ನು ಮರೆತು ‘ಹೊಗೆ ಹಾಕಿದ್ದೇವಲ್ಲ’ ಎಂದು ಹೊರಗಿಟ್ಟರೆ ಹೊಟ್ಟೆ ಕೆಡುತ್ತದೆ.

ಇನ್ನು ಹೊಗೆಯ ಒಳಗೇನಿದೆ ಎಂಬುದಕ್ಕೆ ಬರೋಣ. ಸೌದೆಯಲ್ಲಿ ಮುಖ್ಯವಾಗಿ ಮೂರು ವಸ್ತುಗಳಿವೆ. ಹೆಮಿಸೆಲ್ಯುಲೋಸ್ ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಒಡೆಯತೊಡಗುತ್ತದೆ, ಅದರ ಹಿಂದೆ ಸೆಲ್ಯುಲೋಸ್, ಆಮೇಲೆ 300ರ ಆಸುಪಾಸಿನಿಂದ ಲಿಗ್ನಿನ್. ಮೊದಲೆರಡರಿಂದ ಅಸಿಟಿಕ್ ಆಮ್ಲದ ಹುಳಿಘಾಟು ಮತ್ತು ಆಹಾರಕ್ಕೆ ಹೊಂಬಣ್ಣ ಕೊಡುವ ಕಾರ್ಬೊನಿಲ್‌ಗಳು ಬರುತ್ತವೆ. ನಾವು ‘ಹೊಗೆಯ ಘಮ’ ಎನ್ನುವುದು ಲಿಗ್ನಿನ್ ಒಡೆದಾಗ ಬರುವ ಗ್ವಾಯಕಾಲ್, ಸಿರಿಂಗಾಲ್ ಎಂಬ ಫೀನಾಲ್‌ಗಳದ್ದು. ಇದ್ದಿಲಿನಲ್ಲಿ ಇವು ಉಳಿದಿರುವುದಿಲ್ಲ. ಸೌದೆ ಇದ್ದಿಲಾಗುವಾಗಲೇ ಹಾರಿಹೋಗಿರುತ್ತವೆ. ಧುಂಗಾರ್‌ನಲ್ಲಿ ಘಮ ಬರುವುದು ತುಪ್ಪದಿಂದ, ಲವಂಗದಿಂದ. ಲವಂಗದ ಯೂಜಿನಾಲ್ ಗ್ವಾಯಕಾಲ್ ಮನೆತನಕ್ಕೇ ಸೇರಿದ್ದು. ಕೆಂಡದ ಮೇಲೆ ಲವಂಗ ಹಾಕಲು ಮೊದಲು ಯಾರಿಗೆ ಹೊಳೆಯಿತೋ, ಅವರ ಮೂಗು ರಸಾಯನಶಾಸ್ತ್ರಕ್ಕಿಂತ ಮುಂದಿತ್ತು.

ಕೆಂಡವಿಲ್ಲದೆ, ಸೌದೆಯ ಹೊಗೆಯನ್ನೇ ಬಳಸುವ ದಾರಿ ಬಾಣಲೆಯದು. 28ರಿಂದ 30 ಸೆಂಟಿಮೀಟರ್ ಅಗಲದ ದಪ್ಪ ಕಬ್ಬಿಣದ ಬಾಣಲೆ ಬೇಕು. ನಾನ್‌ಸ್ಟಿಕ್ ಬೇಡವೇ ಬೇಡ, ಅದರ ಲೇಪ 260 ಡಿಗ್ರಿ ದಾಟಿದರೆ ಒಡೆದು ವಿಷದ ಆವಿ ಬಿಡತೊಡಗುತ್ತದೆ, ನಮಗೆ ಬೇಕಾದ ಬಿಸಿ ಅದಕ್ಕೂ ಮೇಲಿನದು. ಕುಕ್ಕರ್ ಕೂಡ ಬೇಡ, ಅದರ ಗ್ಯಾಸ್ಕೆಟ್ ಹೊಗೆ ಕುಡಿದರೆ ಮುಂದೆ ಅನ್ನಕ್ಕೂ ಅದೇ ವಾಸನೆ. ಮಣ್ಣಿನ ಪಾತ್ರೆ ನೀರಿಲ್ಲದ ಬಿಸಿಗೆ ಸೀಳಬಹುದು.

ಬಾಣಲೆಯ ತಳಕ್ಕೆ ಅಲ್ಯೂಮಿನಿಯಂ ಫಾಯಿಲ್ ಎರಡು ಪದರ ಹಾಸಿ. ನಡುವೆ ತೆಂಗಿನ ಕರಟದ ಚೂರು ಎರಡು ದೊಡ್ಡ ಚಮಚ, ಅಂದರೆ ಸುಮಾರು 15 ಗ್ರಾಂ, ಅಂಗೈಯಗಲ ಹರಡಿ. ಅದರ ಮೇಲೆ ಇನ್ನೊಂದು ಫಾಯಿಲ್ ತುಂಡನ್ನು ಸಡಿಲವಾಗಿ ಮುಚ್ಚಿ, ಮೇಲಿನಿಂದ ತೊಟ್ಟಿಕ್ಕುವ ನೀರು, ಜಿಡ್ಡು ಚೂರಿನ ಮೇಲೆ ಬೀಳಬಾರದು. ನಾಲ್ಕೈದು ಸೆಂಟಿಮೀಟರ್ ಎತ್ತರದ ಸ್ಟ್ಯಾಂಡ್, ಅದರ ಮೇಲೆ ಕಡುಬು ಬೇಯಿಸುವ ತೂತಿನ ತಟ್ಟೆ. ಮುಚ್ಚಳ ಗುಮ್ಮಟದಂತೆ ಎತ್ತರವಿರಲಿ. ಅಂಚಿಗೆ ಚಪಾತಿ ಹಿಟ್ಟಿನ ಹುರಿ ಒತ್ತಿ, ಒಂದು ಕಡೆ ಮಾತ್ರ ಬೆಂಕಿಕಡ್ಡಿಯಷ್ಟು ಸಂದು ಬಿಡಿ. ಹಬೆ ಹೊರಗೆ ಹೋಗಲೂ ಅದು ಬೇಕು, ಹೊಗೆಯ ಬಣ್ಣ ನೋಡಲೂ ಬೇಕು.

ಕರಟ ಯಾಕೆಂದರೆ ಅದರಲ್ಲಿ ಲಿಗ್ನಿನ್ ಹೇರಳ, ಮತ್ತು ಮನೆಯಲ್ಲೇ ಬಿದ್ದಿರುತ್ತದೆ. ಹೊರಗಿನ ನಾರನ್ನು ಹೆರೆದು ತೆಗೆಯಿರಿ, ಅದು ಭಗ್ಗನೆ ಹತ್ತಿಕೊಳ್ಳುತ್ತದೆ. ಒಳಗೆ ಕಾಯಿ ಅಂಟಿದ್ದರೆ ಅದನ್ನೂ ಕೆರೆಯಿರಿ, ಎಣ್ಣೆ ಸುಟ್ಟರೆ ಕಮಟು. ಬಿಸಿಲಿಗೆ ಎರಡು ದಿನ ಒಣಗಿಸಿ, ಗೋಣಿಚೀಲದಲ್ಲಿ ಸುತ್ತಿ ಸುತ್ತಿಗೆಯಿಂದ ಕುಟ್ಟಿ ಕಡಲೆಬೇಳೆ ಗಾತ್ರಕ್ಕೆ ತನ್ನಿ. ನೆನೆಸಿದ ಚೂರು ಚೆನ್ನಾಗಿ ಹೊಗೆಯಾಡುತ್ತದೆ ಎನ್ನುವವರಿದ್ದಾರೆ. ನೀರು ಪೂರ್ತಿ ಆವಿಯಾಗುವವರೆಗೆ ಚೂರು 100 ಡಿಗ್ರಿಯ ಆಚೆಗೆ ಏರುವುದೇ ಇಲ್ಲ, ಅಲ್ಲಿಯವರೆಗೆ ಬರುವುದು ಬರೀ ಹಬೆ. ಕಬ್ಬಿನಹಾಲಿನ ಅಂಗಡಿಯ ಸಿಪ್ಪೆಯೂ ಒಣಗಿದ ಮೇಲೆ ಒಳ್ಳೆಯ ಸರಕು, ಆದರೆ ಬೇಗ ಉರಿದುಹೋಗುತ್ತದೆ. ಎರಡೂ ಇಲ್ಲದವರು ಚೀನೀಯರ ದಾರಿ ಹಿಡಿಯಬಹುದು: ಎರಡು ದೊಡ್ಡ ಚಮಚ ಅಕ್ಕಿ, ಒಂದು ದೊಡ್ಡ ಚಮಚ ಚಹಾ ಎಲೆ, ಒಂದು ಸಣ್ಣ ಚಮಚ ಬೆಲ್ಲದ ಪುಡಿ. ಬೆಲ್ಲ ಬಣ್ಣಕ್ಕೆ, ಹೆಚ್ಚಾದರೆ ಸೀದು ಕಹಿ.

ಗೇರುಬೀಜದ ಸಿಪ್ಪೆಯನ್ನು ಮಾತ್ರ ಮುಟ್ಟಬೇಡಿ. ಅದರ ಎಣ್ಣೆ ಚರ್ಮ ಸುಡುವಂಥದ್ದು, ಹೊಗೆ ಕಣ್ಣು, ಗಂಟಲನ್ನು ಬಿಡುವುದಿಲ್ಲ. ಕಣಗಿಲೆ ಕಡ್ಡಿ ವಿಷ. ಪ್ಲೈವುಡ್, ಬಣ್ಣ ಬಳಿದ ಮರ, ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ, ಅಂಟುದ್ರವ ಸುರಿಯುವ ಪೈನ್, ನೀಲಗಿರಿ, ಇವು ಯಾವುವೂ ಬೇಡ.

ಮೊದಲ ಪ್ರಯತ್ನಕ್ಕೆ ಪನೀರ್ ಒಳ್ಳೆಯದು. 200 ಗ್ರಾಂ ಪನೀರನ್ನು ಎರಡು ಸೆಂಟಿಮೀಟರ್ ದಪ್ಪದ ಹೋಳು ಮಾಡಿ, ಅರ್ಧ ಚಮಚ ಉಪ್ಪು ಸವರಿ, ಬಟ್ಟೆಯಿಂದ ಒತ್ತಿ ಒರೆಸಿ, ಮುಚ್ಚದೆ ಫ್ರಿಜ್‌ನಲ್ಲಿ ಮುಕ್ಕಾಲು ಗಂಟೆ ಇಡಿ. ಮೈ ಒಣಗಿ, ಮುಟ್ಟಿದರೆ ತುಸು ಅಂಟಬೇಕು. ಈ ಹದ ತಪ್ಪಿದರೆ ಉಳಿದದ್ದೆಲ್ಲ ತಪ್ಪುತ್ತದೆ: ಒದ್ದೆ ಮೈ ಮೇಲೆ ಹೊಗೆ ನೀರಿನಲ್ಲಿ ಕರಗಿ ಕಂದು ಗೆರೆಯಾಗಿ ಇಳಿದು ಕಹಿಯಾಗುತ್ತದೆ. ಕರಾವಳಿಯವರಿಗೆ ಇನ್ನೊಂದು ತೊಡಕು. ಫ್ರಿಜ್‌ನಿಂದ ತೆಗೆದ ಕ್ಷಣಕ್ಕೇ ಗಾಳಿಯ ತೇವ ಹೋಳಿನ ಮೇಲೆ ಹನಿಗಟ್ಟುತ್ತದೆ. ತಟ್ಟೆಗಿಡುವ ಮುನ್ನ ಮತ್ತೊಮ್ಮೆ ಒರೆಸಿ.

ಬಾಣಲೆಯನ್ನು ಹೋಳಿಲ್ಲದೆ, ಮುಚ್ಚಳ ತೆರೆದು ದೊಡ್ಡ ಉರಿಯಲ್ಲಿಡಿ. ನಾಲ್ಕೈದು ನಿಮಿಷಕ್ಕೆ ಹೊಗೆಯ ಮೊದಲ ಎಳೆ ಏಳುತ್ತದೆ. ಮೊದಮೊದಲು ಬರುವುದು ದಟ್ಟ, ಹಳದಿ ಮಿಶ್ರಿತ ಬಿಳಿ ಹೊಗೆ, ಅದು ಕಣ್ಣಿಗೆ ಘಾಟು. ಅರ್ಧ ನಿಮಿಷ ಹೋಗಲು ಬಿಟ್ಟು, ಉರಿ ಪೂರ್ತಿ ತಗ್ಗಿಸಿ, ಹೋಳಿಟ್ಟು ಮುಚ್ಚಿ. ಸಂದಿನಿಂದ ಬರುವ ಹೊಗೆ ತೆಳ್ಳಗೆ, ತುಸು ನೀಲಿ ಛಾಯೆಯಲ್ಲಿರಬೇಕು. ಬೆಳಕಿನ ಅಲೆಗಿಂತ ಚಿಕ್ಕ ಕಣಗಳು ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತವೆ. ಬಿಳಿ ಹೊಗೆಯಲ್ಲಿ ಕಣ ದೊಡ್ಡದು, ಟಾರು ಜಾಸ್ತಿ. ಏಳು ನಿಮಿಷ ಸಾಕು. ಒಲೆ ಆರಿಸಿ ಇನ್ನು ಮೂರು ನಿಮಿಷ ಬಿಟ್ಟು, ಬಾಲ್ಕನಿಗೆ ಒಯ್ದು ಮುಚ್ಚಳ ತೆಗೆಯಿರಿ. ತೆಗೆಯುವಾಗ ಓರೆ ಮಾಡಬೇಡಿ, ಒಳಗಿನ ಕಂದು ಹನಿ ಹೋಳಿನ ಮೇಲೆಯೇ ಸುರಿಯುತ್ತದೆ. ತಕ್ಷಣ ತಿಂದರೆ ನಾಲಿಗೆಗೆ ಚುರುಕು. ಡಬ್ಬಿಯಲ್ಲಿ ಮುಚ್ಚಿ ಫ್ರಿಜ್‌ನಲ್ಲಿಟ್ಟು ಸಂಜೆಗೆ ಸೌತೆಕಾಯಿ ಕೋಸಂಬರಿಗೆ ಬೆರೆಸಿದರೆ ಘಾಟು ಇಳಿದಿರುತ್ತದೆ.

ಸಿಪ್ಪೆ ತೆಗೆದ ಟೊಮೆಟೊ, ಬೇಯಿಸಿದ ಮೊಟ್ಟೆ, ಅಣಬೆ, ಮುಸುಕಿನ ಜೋಳ ಎಲ್ಲದಕ್ಕೂ ಇದೇ ಲೆಕ್ಕ. ಕೋಳಿಯನ್ನು ಮೊದಲು ಹಬೆಯಲ್ಲಿ ಪೂರ್ತಿ ಬೇಯಿಸಿ, ಒಳಗಿನ ಬಿಸಿ 74 ಡಿಗ್ರಿ ಮುಟ್ಟಿದ ಮೇಲೆ ಒರೆಸಿ ಹೊಗೆಗಿಡಿ. ಮೈ ಕೆಂಪಗಾಗಿದೆ ಎಂದು ಒಳಗೆ ಬೆಂದಿದೆ ಎಂದುಕೊಳ್ಳಬೇಡಿ, ಅದು ಬರೀ ಹೊಗೆಯ ಬಣ್ಣ.

ಬಂಗುಡೆಗೆ ಹೊಗೆ ಸೊಗಸಾಗಿ ಹತ್ತುತ್ತದೆ, ಮೀನೇ ಜಿಡ್ಡಿನದು. ಒಂದು ಲೀಟರ್ ನೀರಿಗೆ 50 ಗ್ರಾಂ ಉಪ್ಪು ಕರಗಿಸಿ, ಸ್ವಚ್ಛ ಮಾಡಿದ ಎರಡು ಮೀನನ್ನು 20 ನಿಮಿಷ ಮುಳುಗಿಸಿ, ತೊಳೆದು ಒರೆಸಿ, ಫ್ರಿಜ್‌ನಲ್ಲಿ ಒಂದು ಗಂಟೆ ಆರಿಸಿ. ಸಣ್ಣ ಮೀನಾದರೆ ಸಣ್ಣ-ಮಧ್ಯಮ ಉರಿಯಲ್ಲಿ 15ರಿಂದ 18 ನಿಮಿಷಕ್ಕೆ ಬೇಯುತ್ತದೆ. ಮುಳ್ಳಿನಿಂದ ಮಾಂಸ ಪದರವಾಗಿ ಬಿಡಬೇಕು. ಆದರೆ ಬೇಸಿಗೆಯಲ್ಲಿ ಬಂಗುಡೆಯ ಅಸಲಿ ಅಪಾಯ ಬೇರೆ. ಹಿಡಿದ ಮೇಲೆ ಐಸ್ ಇಲ್ಲದೆ ಬಿದ್ದಿದ್ದರೆ ಬ್ಯಾಕ್ಟೀರಿಯಾಗಳು ಅದರಲ್ಲಿ ಹಿಸ್ಟಮಿನ್ ಉಂಟುಮಾಡುತ್ತವೆ. ಬೇಯಿಸಿದರೂ, ಹೊಗೆ ಹಾಕಿದರೂ ಅದು ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪೇರಿ ತುರಿಕೆ, ತಲೆನೋವು. ಹೊಗೆಯ ಘಮ ಹಳಸಿದ ಮೀನಿನ ವಾಸನೆಯನ್ನು ಮರೆಸಿಬಿಡುವುದರಿಂದ ಕೊಳ್ಳುವಾಗಲೇ ನೋಡಬೇಕು.

‘ತಣ್ಣನೆಯ ಹೊಗೆ’ ಎಂದು ಇನ್ನೊಂದು ವಿಧಾನವಿದೆ, ಯೂರೋಪಿನ ಸಾಲ್ಮನ್ ಮಾಡುವುದು ಹಾಗೆ. ಅದಕ್ಕೆ ಹೊಗೆ 30 ಡಿಗ್ರಿಗಿಂತ ಕೆಳಗೆ ಗಂಟೆಗಟ್ಟಲೆ ಇರಬೇಕು. ರಾಯಚೂರು, ಕಲಬುರಗಿಯಲ್ಲಿ ನೆರಳಿನ ಗಾಳಿಯೇ 40 ದಾಟುವ ದಿನಗಳಲ್ಲಿ ಅದು ಬ್ಯಾಕ್ಟೀರಿಯಾ ಸಾಕಣೆ ಆದೀತು. 5ರಿಂದ 60 ಡಿಗ್ರಿ ಅವುಗಳ ಹಬ್ಬದ ವಲಯ. ಹೊರಗೆ 32 ದಾಟಿದ್ದರೆ ಬೇಯಿಸಿದ ಆಹಾರವನ್ನು ಒಂದು ಗಂಟೆಗಿಂತ ಹೆಚ್ಚು ಹೊರಗಿಡಬಾರದು.

ಆರೋಗ್ಯದ ಮಾತಿಗೆ ಬಂದರೆ, ಹೊಗೆಯನ್ನು ಯಾರೂ ಪಥ್ಯ ಎನ್ನಲಾರರು. ಎಣ್ಣೆ ಕಡಿಮೆ ಸಾಕು, ರುಚಿ ಬಂದಿದೆ ಎಂದು ಉಪ್ಪು, ಬೆಣ್ಣೆ ತಗ್ಗಿಸಬಹುದು, ಅಷ್ಟು ಲಾಭ ನಿಜ. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿರುವುದು ಸೌದೆ, ಕೊಬ್ಬು ಅರೆಬರೆ ಸುಟ್ಟಾಗ ಹುಟ್ಟುವ ಪಿಎಎಚ್ (ಪಾಲಿಸೈಕ್ಲಿಕ್ ಆರೊಮ್ಯಾಟಿಕ್ ಹೈಡ್ರೊಕಾರ್ಬನ್) ಎಂಬ ಸಂಯುಕ್ತಗಳು. ಇವುಗಳಲ್ಲಿ ಬೆಂಜೊಪೈರಿನ್ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಖಚಿತವಾಗಿದೆ. ಹೊಗೆ ಹಾಕಿದ ಮಾಂಸದಲ್ಲಿ ಅದು ಕಿಲೋಗೆ 2 ಮೈಕ್ರೊಗ್ರಾಂ ಮೀರಬಾರದೆಂದು ಯೂರೋಪಿಯನ್ ಒಕ್ಕೂಟ 2014ರಿಂದ ಮಿತಿ ಹಾಕಿದೆ. 2024ರಲ್ಲಿ ಎಂಟು ಬಗೆಯ ಸಿದ್ಧ ಹೊಗೆ-ಸುವಾಸನೆಗಳ ಪರವಾನಗಿಯನ್ನೂ ಅದು ನವೀಕರಿಸಲಿಲ್ಲ.

ಪಿಎಎಚ್ ಹೆಚ್ಚುವುದು ಬಿಸಿ ವಿಪರೀತ ಏರಿದಾಗ, ಚೂರು ಜ್ವಾಲೆಯಾಗಿ ಉರಿದಾಗ, ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿದಾಗ. ಸಣ್ಣ ಉರಿ, ಚೂರಿನ ಮೇಲಿನ ಫಾಯಿಲ್, ಏಳೇ ನಿಮಿಷ ಎಂದು ಹೇಳಿದ್ದೆಲ್ಲ ಇದಕ್ಕೇ. ಇವು ಹೊರಮೈಯಲ್ಲೇ ಹೆಚ್ಚು ಕೂರುವುದರಿಂದ ಮೀನು, ಕೋಳಿಯ ಚರ್ಮವನ್ನು ಹೊಗೆಯಾದ ಮೇಲೆ ಸುಲಿದುಹಾಕಿ. ಹಾಗೆ ನೋಡಿದರೆ ಮೊದಲಲ್ಲಿ ಹೇಳಿದ ಧುಂಗಾರ್, ಎಷ್ಟೇ ರುಚಿಯಾದರೂ, ಕೆಂಡದ ಮೇಲೆ ತುಪ್ಪ ಸುಡುವ ಕೆಲಸವೇ. ಅದು ಹಬ್ಬಕ್ಕಿರಲಿ. ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಕೂಡ ಬರುತ್ತದೆ. ವಾಸನೆಯಿಲ್ಲದ ಈ ಅನಿಲ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಬಿಗಿಯಾಗಿ ಅಂಟುತ್ತದೆ. ಬೇಸಿಗೆಯಲ್ಲಿ ಎಸಿಗೆಂದು ಕಿಟಕಿ ಮುಚ್ಚಿರುವ ಮನೆಯಲ್ಲಿ ಕೆಂಡ ಹಚ್ಚಲೇಬೇಡಿ. ಉಬ್ಬಸದವರು, ಎಳೆಮಕ್ಕಳು ಇರುವಲ್ಲಿ ಬಾಣಲೆಯ ಹೊಗೆಯೂ ಬೇಡ.

ದಿನಾ ಹೊಗೆ ಎಬ್ಬಿಸದೆ ದಿನಾ ಘಮ ಬೇಕೆಂದರೆ ಉಪ್ಪಿಗೆ ಹೊಗೆ ಹಾಕಿಡಿ. 100 ಗ್ರಾಂ ಕಲ್ಲುಪ್ಪನ್ನು ಪುಟ್ಟ ರವೆಯಷ್ಟು ಕುಟ್ಟಿ, ನಾಲ್ಕೈದು ಹನಿ ನೀರು ಚಿಮುಕಿಸಿ, ಸ್ಟೀಲ್ ತಟ್ಟೆಯಲ್ಲಿ ತೆಳ್ಳಗೆ ಹರಡಿ ಬಾಣಲೆಯೊಳಗಿಡಿ. ಹತ್ತು ನಿಮಿಷಕ್ಕೊಮ್ಮೆ ಕೈಯಾಡಿಸಿ, ಚೂರು ಬದಲಿಸಿ, ಮತ್ತೆ ಹತ್ತು ನಿಮಿಷ. ತೆಳುಕಂದು ಬಣ್ಣ ಬಂದರೆ ಆಯಿತು. ಬಿಸಿಲಿಗೆ ಒಣಗಿಸಿ ಗಾಜಿನ ಸೀಸೆಯಲ್ಲಿ ಬಿಗಿಯಾಗಿ ಮುಚ್ಚಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಒಂದು ಲೋಟ ಮಜ್ಜಿಗೆಗೆ ಇದರದ್ದು ಕಾಲು ಚಮಚ, ಜೊತೆಗೆ ಎರಡು ಕರಿಬೇವಿನ ಎಲೆ ಜಜ್ಜಿ ಹಾಕಿ.