ಮಗಳು ಬರೀ ವಿಚಿತ್ರ ಪ್ರಾಣಿಗಳನ್ನೇ ಬಿಡಿಸುತ್ತಾಳೆ, ಏನು ಮಾಡಲಿ?

ಪ್ರಶ್ನೆ: ನನ್ನ ಮಗಳಿಗೆ ಐದು ವರ್ಷ. ಕ್ರೆಯಾನ್ ಕೈಗೆ ಸಿಕ್ಕರೆ ಸಾಕು, ಮೂರು ತಲೆಯ ಬೆಕ್ಕು, ರೆಕ್ಕೆಯ ಮೀನು, ಹೊಟ್ಟೆಯಲ್ಲಿ ಹಲ್ಲಿರುವ ಭೂತ, ಇಂಥವನ್ನೇ ಬಿಡಿಸುತ್ತಾಳೆ. ಹೂವು, ಮನೆ ಬರಿ ಅಂದರೆ ಕೇಳುವುದಿಲ್ಲ. ‘ಮಗು ಏನೋ ಹೆದರಿಕೊಂಡಿದೆ, ದೃಷ್ಟಿ ತೆಗಿ’ ಅನ್ನುತ್ತಾರೆ ನಮ್ಮ ಅತ್ತೆ. ಊಟ, ನಗು, ಆಟಕ್ಕೇನೂ ಕಡಿಮೆಯಿಲ್ಲ. ಅವಳ ಬೆಕ್ಕಿನ ಚಿತ್ರವನ್ನು ಜೊತೆಗೆ ಕಳಿಸಿದ್ದೇನೆ. ಡ್ರಾಯಿಂಗ್ ಕ್ಲಾಸಿಗೆ ಹಾಕಿದರೆ ಸರಿಹೋಗುತ್ತಾಳಾ?

ಉತ್ತರ: ಸರಿಹೋಗಬೇಕಾದದ್ದು ಏನೂ ಇಲ್ಲ. ನೀವು ಕಳಿಸಿದ ಬೆಕ್ಕಿನ ಚಿತ್ರವನ್ನು ತುಂಬ ಹೊತ್ತು ನೋಡಿದೆ. ಮೂರು ತಲೆಗೂ ಮೀಸೆ ಇದೆ, ನಡುವಿನದರ ಕಣ್ಣು ಮಾತ್ರ ಮುಚ್ಚಿದೆ. ಬಾಲ ಬರೆಯುವಷ್ಟರಲ್ಲಿ ಹಾಳೆ ಮುಗಿದಿದೆ. ಅವಳು ಬಾಲವನ್ನು ಅರ್ಧಕ್ಕೆ ಬಿಟ್ಟಿಲ್ಲ, ಮೇಲಕ್ಕೆ ತಿರುಗಿಸಿ ಬೆನ್ನ ಮೇಲೆ ಸುರುಳಿ ಸುತ್ತಿಟ್ಟಿದ್ದಾಳೆ. ಒಂದು ತಲೆ ನಿದ್ದೆ ಮಾಡುತ್ತಿರಲಿ ಅಂತ ಯೋಚಿಸಿ, ಜಾಗ ಸಾಲದಾಗ ದಾರಿ ಹುಡುಕಿಕೊಂಡ ಮಗು ಇದು.

ಮೂರು, ನಾಲ್ಕು ವರ್ಷದ ಮಕ್ಕಳು ಒಂದು ದೊಡ್ಡ ಸುತ್ತು ಎಳೆದು ಅದಕ್ಕೇ ಕೈಕಾಲು ಹಚ್ಚುತ್ತಾರೆ, ಮುಂಡವೇ ಇರುವುದಿಲ್ಲ. ಐದರ ಹೊತ್ತಿಗೆ ಮನುಷ್ಯ ಅಂದರೆ ಹೀಗೆ, ಮನೆ ಅಂದರೆ ಹೀಗೆ ಎಂದು ಕೈ ರೂಢಿಯಾಗಿರುತ್ತದೆ. ಆ ರೂಢಿಯನ್ನು ಮುರಿಯುವುದು ಕಷ್ಟ. ಬ್ರಿಟನ್ನಿನ ಮನೋವಿಜ್ಞಾನಿ ಆನೆಟ್ ಕಾರ್ಮಿಲಾಫ್-ಸ್ಮಿತ್ ನಾಲ್ಕರಿಂದ ಹತ್ತು ವರ್ಷದವರೆಗಿನ ಮಕ್ಕಳಿಗೆ ‘ಲೋಕದಲ್ಲಿ ಇಲ್ಲದ’ ಮನೆ, ಮನುಷ್ಯ, ಪ್ರಾಣಿ ಬಿಡಿಸಲು ಹೇಳಿ, 1990ರಲ್ಲಿ ಫಲಿತಾಂಶ ಪ್ರಕಟಿಸಿದರು. ಚಿಕ್ಕವರು ಹೆಚ್ಚಾಗಿ ಆಕಾರ, ಗಾತ್ರ ಬದಲಿಸಿದರು, ಇಲ್ಲವೇ ಒಂದು ಕಾಲು ಬಿಟ್ಟರು. ಒಂದರ ಅಂಗವನ್ನು ಇನ್ನೊಂದಕ್ಕೆ ಜೋಡಿಸಿದವರು ಬಹುಪಾಲು ಎಂಟು ದಾಟಿದವರು. ಸ್ವಲ್ಪ ಹೇಳಿಕೊಟ್ಟರೆ ಐದು ವರ್ಷದವರಿಗೂ ಇದು ಆಗುತ್ತದೆ ಎಂದು ಆಮೇಲಿನ ಅಧ್ಯಯನಗಳು ತೋರಿಸಿವೆ. ಮೀನಿಗೆ ರೆಕ್ಕೆ ಕಟ್ಟುವ ನಿಮ್ಮ ಮಗಳು ಇದನ್ನು ತಾನಾಗಿಯೇ ಮಾಡುತ್ತಿದ್ದಾಳೆ.

ಅತ್ತೆಯವರನ್ನೂ ಮಗಳನ್ನೂ ಒಮ್ಮೆ ಹಳೇಬೀಡಿಗೆ ಕರೆದುಕೊಂಡು ಹೋಗಿ. ಹೊಯ್ಸಳೇಶ್ವರ ದೇವಾಲಯದ ಗೋಡೆಯ ಸುತ್ತ ಆನೆ, ಸಿಂಹ, ಕುದುರೆಗಳ ಸಾಲಿನ ಜೊತೆ ಮಕರಗಳದ್ದೂ ಒಂದು ಸಾಲಿದೆ: ಮೊಸಳೆಯ ಬಾಯಿ, ಆನೆಯ ಸೊಂಡಿಲು, ನವಿಲಿನ ಬಾಲ. ಅಷ್ಟು ದೂರ ಹೋಗಲಾಗದಿದ್ದರೆ ನಮ್ಮ ರಾಜ್ಯಲಾಂಛನವನ್ನೇ ತೋರಿಸಿ. ನಡುವೆ ಎರಡು ತಲೆಯ ಗಂಡಭೇರುಂಡ, ಆಚೀಚೆ ಸಿಂಹದ ಮೈಗೆ ಆನೆಯ ತಲೆ ಇರುವ ಶರಭ. ಮಗಳ ಕಣ್ಣು ಅರಳುವುದನ್ನು ನೋಡಿ.

ಅವಳು ಚಿತ್ರ ತಂದು ತೋರಿಸಿದಾಗ ‘ಇದೇನೇ ಇದು?’ ಅಂತ ಕೇಳಬೇಡಿ, ಮಗುವಿಗೆ ತಪ್ಪು ಮಾಡಿದ ಹಾಗೆ ಕೇಳಿಸುತ್ತದೆ. ಇದು ಏನು ತಿನ್ನುತ್ತೆ, ಎಲ್ಲಿ ಮಲಗುತ್ತೆ, ಮೂರು ಬಾಯಿಗೂ ಒಟ್ಟಿಗೇ ಹಸಿವಾಗುತ್ತಾ ಅಂತ ಕೇಳಿ. ಉತ್ತರ ಬರುತ್ತಲೇ ಇರುತ್ತದೆ. ಅವಳಿಟ್ಟ ಹೆಸರನ್ನು, ತಾರೀಖನ್ನು ಹಾಳೆಯ ಹಿಂದೆ ಬರೆದಿಡಿ. ನಿಮ್ಮ ಗೆರೆ ಮಾತ್ರ ಅವಳ ಚಿತ್ರದಲ್ಲಿ ಬೇಡ. ಹಳೇ ಕ್ಯಾಲೆಂಡರಿನ ಹಿಂಬದಿ ಕೊಡಿ, ಬಾಲಕ್ಕೂ ಜಾಗ ಸಿಗುತ್ತದೆ.

ಅತ್ತೆಯವರ ಆತಂಕವನ್ನು ತಳ್ಳಿಹಾಕುವುದೂ ಬೇಡ. ಭಯವನ್ನು ಕಾಗದಕ್ಕಿಳಿಸುವ ಮಕ್ಕಳೂ ಇದ್ದಾರೆ. ಆದರೆ ಬರೀ ಚಿತ್ರ ನೋಡಿ ಮಗುವಿಗೆ ತೊಂದರೆ ಇದೆ ಎಂದು ತೀರ್ಮಾನಿಸಲಾಗದು, ಮಗುವನ್ನು ನೋಡಬೇಕು. ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿದರೆ, ರಾತ್ರಿ ಕಿರುಚಿ ಏಳುತ್ತಿದ್ದರೆ, ಊಟ ಬಿಟ್ಟರೆ, ಒಬ್ಬ ನಿರ್ದಿಷ್ಟ ವ್ಯಕ್ತಿಯನ್ನು ಕಂಡರೆ ಮುದುಡಿಕೊಂಡರೆ ಮಕ್ಕಳ ಡಾಕ್ಟರ ಹತ್ತಿರ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಮನೋವೈದ್ಯ ವಿಭಾಗವಿದೆ. ನೀವು ಬರೆದ ಪ್ರಕಾರ ಅವಳು ಉಂಡು, ನಕ್ಕು, ಆಡಿಕೊಂಡಿದ್ದಾಳೆ.

ಕ್ಲಾಸಿಗೆ ಸೇರಿಸುವ ಮೊದಲು ಒಮ್ಮೆ ಅಲ್ಲಿಗೆ ಹೋಗಿ ಗೋಡೆ ನೋಡಿ. ಎಲ್ಲ ಮಕ್ಕಳ ಹಾಳೆಯಲ್ಲೂ ಅದೇ ಎರಡು ಗುಡ್ಡ, ನಡುವೆ ಸೂರ್ಯ, ಪಕ್ಕದಲ್ಲಿ ತೆಂಗಿನ ಮರ ಕಂಡರೆ ದಯವಿಟ್ಟು ವಾಪಸ್ ಬಂದುಬಿಡಿ. ಬಣ್ಣ, ಜೇಡಿಮಣ್ಣು, ಬಣ್ಣದ ಕಾಗದ ಕೊಟ್ಟು ಮಕ್ಕಳನ್ನು ಅವರ ಪಾಡಿಗೆ ಬಿಡುವ ಮೇಷ್ಟ್ರು ಸಿಕ್ಕರೆ ಖುಷಿಯಾಗಿ ಸೇರಿಸಿ. ಸಿಗದಿದ್ದರೆ ಅವಸರವಿಲ್ಲ. ಎಂಟೊಂಬತ್ತು ವರ್ಷಕ್ಕೆ ಎಷ್ಟೋ ಮಕ್ಕಳಿಗೆ ಚಿತ್ರ ‘ನಿಜದ ಥರ’ ಬರಬೇಕು ಎನ್ನುವ ಹಟ ತಾನಾಗಿ ಹುಟ್ಟುತ್ತದೆ. ನೆರಳು, ಅಳತೆ, ದೂರ ಹತ್ತಿರ ಹೇಳಿಕೊಡುವ ಗುರು ಬೇಕಾಗುವುದು ಆಗ.