ಇಲಿನಾಯ್ಸ್‌ಗೆ ಕಾಲಿಡದ ಜನರಲ್‌ನ ಹೆಸರಲ್ಲಿ ಶಿಕಾಗೋದ ಒಂದು ಸೋಮವಾರ

ಶಿಕಾಗೋ ಸುತ್ತಮುತ್ತ ಮನೆ ಮಾಡಿಕೊಂಡ ಕನ್ನಡಿಗರಿಗೆ ಮಾರ್ಚ್ ತಿಂಗಳ ಮೊದಲ ಸೋಮವಾರ ಒಂದು ಹೊಸ ಹೆಸರು ಕಣ್ಣಿಗೆ ಬೀಳುತ್ತದೆ. ಕ್ಯಾಲೆಂಡರಿನಲ್ಲಿ ‘ಕ್ಯಾಸಿಮಿರ್ ಪುಲಾಸ್ಕಿ ಡೇ’ ಅಂತ ಇರುತ್ತದೆ. ಬೇರೆ ರಾಜ್ಯದಲ್ಲಿರುವ ಗೆಳೆಯರಲ್ಲಿ ಹೆಚ್ಚಿನವರು ಈ ದಿನದ ಬಗ್ಗೆ ಕೇಳಿಯೇ ಇರುವುದಿಲ್ಲ. ಪುಲಾಸ್ಕಿ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಸತ್ತ ಪೋಲೆಂಡಿನ ಸೇನಾನಿ. ಅವನು ಶಿಕಾಗೋ ಇರುವ ಇಲಿನಾಯ್ಸ್ ರಾಜ್ಯಕ್ಕೆ ಒಮ್ಮೆಯೂ ಬಂದವನಲ್ಲ. ಅಮೆರಿಕದಲ್ಲಿ ಅವನ ಯುದ್ಧಗಳೆಲ್ಲ ನಡೆದದ್ದು ಪೂರ್ವ ಕರಾವಳಿಯ ಕಡೆ. ಹಾಗಿದ್ದರೆ ಶಿಕಾಗೋಗೂ ಅವನಿಗೂ ಏನು ನಂಟು?

ಮೊದಲು ಅವನ ಕಥೆ. ಪೋಲಿಷ್ ಬಾಯಲ್ಲಿ ಅವನು ಕಾಝಿಮಿಯೆಶ್ ಪುವಾಸ್ಕಿ. ಹುಟ್ಟಿದ್ದು 1745ರ ಮಾರ್ಚ್‌ನಲ್ಲಿ. ಆಗ ಪೋಲೆಂಡಿಗೆ ಹೆಸರಿಗೊಬ್ಬ ರಾಜನಿದ್ದ, ಲಗಾಮು ಮಾತ್ರ ರಷ್ಯಾದ ಕೈಯಲ್ಲಿತ್ತು. ಇದನ್ನು ಸಹಿಸದ ಜಮೀನ್ದಾರಿ ಮನೆತನಗಳು 1768ರಲ್ಲಿ ಬಾರ್ ಎಂಬ ಊರಿನಲ್ಲಿ ಸೇರಿ ಒಕ್ಕೂಟ ಕಟ್ಟಿದವು. ಪುಲಾಸ್ಕಿಯ ತಂದೆ ಅದರ ಮುಂದಾಳುಗಳಲ್ಲಿ ಒಬ್ಬ. ಮಗನಿಗೆ ಆಗ 23 ವರ್ಷ. ಚೆಸ್ಟೊಹೋವಾದ ಯಾಸ್ನಾ ಗೂರಾ ಮಠ ಪೋಲೆಂಡಿನ ಜನರಿಗೆ ದೊಡ್ಡ ಪುಣ್ಯಕ್ಷೇತ್ರ. ಅದನ್ನು ರಷ್ಯಾದ ಸೈನ್ಯದಿಂದ ಉಳಿಸಿಕೊಂಡ ಮೇಲೆ ಅವನ ಹೆಸರು ಮನೆಮಾತಾಯಿತು.

ಆಮೇಲೆ ಎಲ್ಲ ತಲೆಕೆಳಗಾಯಿತು. 1771ರ ನವೆಂಬರ್‌ನಲ್ಲಿ ಒಕ್ಕೂಟದವರು ರಾಜನನ್ನೇ ಅಪಹರಿಸಿದರು. ರಾಜ ತಪ್ಪಿಸಿಕೊಂಡ. ಕೊಲ್ಲುವ ಸಂಚು ಅಂತ ಅಪವಾದ ಪುಲಾಸ್ಕಿಯ ತಲೆಗೆ ಬಂತು. ಅವನು ದೇಶ ಬಿಟ್ಟ. ಇಲ್ಲದವನ ಮೇಲೆಯೇ ವಿಚಾರಣೆ ನಡೆಸಿ 1773ರಲ್ಲಿ ಮರಣದಂಡನೆ ಕೊಟ್ಟರು. ತುರ್ಕಿ ಸುತ್ತಿ, ಫ್ರಾನ್ಸ್‌ನಲ್ಲಿ ಸಾಲ ತೀರಿಸಲಾಗದೆ ಜೈಲಿಗೂ ಹೋದ. ಅಷ್ಟರಲ್ಲಿ ಅಮೆರಿಕ ಬ್ರಿಟನ್ ವಿರುದ್ಧ ಎದ್ದಿತ್ತು. ಪ್ಯಾರಿಸ್‌ನಲ್ಲಿದ್ದ ಬೆಂಜಮಿನ್ ಫ್ರಾಂಕ್ಲಿನ್ ಅವನ ಪರವಾಗಿ ಜಾರ್ಜ್ ವಾಷಿಂಗ್ಟನ್‌ಗೆ ಪತ್ರ ಬರೆದರು. 1777ರ ಜುಲೈನಲ್ಲಿ ಅವನು ಮ್ಯಾಸಚೂಸೆಟ್ಸ್‌ನಲ್ಲಿ ಹಡಗಿನಿಂದ ಇಳಿದ. ಊರಿಲ್ಲದ, ದುಡ್ಡಿಲ್ಲದ, ಇಂಗ್ಲಿಷ್ ಸರಿಯಾಗಿ ಬಾರದ ಒಬ್ಬ ದಂಡನಾಯಕ.

ಎರಡೇ ತಿಂಗಳಲ್ಲಿ ಅವನ ಕೈ ಏನೆಂದು ತಿಳಿಯಿತು. ಸೆಪ್ಟೆಂಬರ್ 11ರಂದು ಬ್ರಾಂಡಿವೈನ್‌ನಲ್ಲಿ ಅಮೆರಿಕದ ಸೈನ್ಯ ಸೋತು ಹಿಂದೆ ಸರಿಯುತ್ತಿತ್ತು. ಪುಲಾಸ್ಕಿಗೆ ಆಗ ಯಾವ ಹುದ್ದೆಯೂ ಇರಲಿಲ್ಲ. ವಾಷಿಂಗ್ಟನ್‌ರ ಅಂಗರಕ್ಷಕ ಸವಾರರನ್ನು ಕೇಳಿ ಪಡೆದು, ಚದುರಿದವರನ್ನು ಕೂಡಿಸಿಕೊಂಡು, ಬೆನ್ನಟ್ಟಿ ಬರುತ್ತಿದ್ದ ಬ್ರಿಟಿಷರನ್ನು ತಡೆದ. ನಾಲ್ಕೇ ದಿನಕ್ಕೆ ಅವನು ಬ್ರಿಗೇಡಿಯರ್ ಜನರಲ್. ಅಲ್ಲಿಯವರೆಗೆ ಅಮೆರಿಕದ ಸೈನ್ಯದಲ್ಲಿ ಕುದುರೆ ಸವಾರರು ಹೆಚ್ಚಾಗಿ ಸುದ್ದಿ ತರಲು, ಕಾವಲು ಕಾಯಲು ಇದ್ದರು. ಅವರನ್ನು ಒಟ್ಟಾಗಿ ನುಗ್ಗುವ ಪಡೆಯಾಗಿ ಪಳಗಿಸಬೇಕು ಅಂತ ಹಠ ಹಿಡಿದವನು ಪುಲಾಸ್ಕಿ. ಅವನನ್ನು ಅಮೆರಿಕದ ಅಶ್ವದಳದ ತಂದೆ ಅನ್ನುವುದು ಇದಕ್ಕೇ.

ಅವನು ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ. ಅಮೆರಿಕದ ಸೇನಾಧಿಕಾರಿಗಳ ಜೊತೆ ಹೊಂದಿಕೆಯಾಗದೆ 1778ರಲ್ಲಿ ಅಶ್ವದಳದ ಹೊಣೆ ಬಿಟ್ಟ. ಬಾಲ್ಟಿಮೋರ್‌ನಲ್ಲಿ ತನ್ನದೇ ದಳ ಕಟ್ಟಿದ. ಆ ಅಕ್ಟೋಬರ್‌ನಲ್ಲಿ ನ್ಯೂ ಜೆರ್ಸಿಯಲ್ಲಿ, ಮಲಗಿದ್ದ ಅವನ ಸೈನಿಕರ ಮೇಲೆ ಬ್ರಿಟಿಷರು ರಾತ್ರೋರಾತ್ರಿ ಎರಗಿದರು. 1779ರ ಅಕ್ಟೋಬರ್ 9ರಂದು ಜಾರ್ಜಿಯಾದ ಸವಾನಾ ಕೋಟೆಗೆ ಫ್ರೆಂಚರು ಮತ್ತು ಅಮೆರಿಕನ್ನರು ಒಟ್ಟಾಗಿ ನುಗ್ಗಿದಾಗ ಫಿರಂಗಿಯ ಗುಂಡು ಅವನ ತೊಡೆಸಂದಿಗೆ ಬಡಿಯಿತು. ಎರಡು ದಿನದಲ್ಲಿ ಪ್ರಾಣ ಹೋಯಿತು. ವಯಸ್ಸು 34. ಕೋಟೆಯೂ ಸಿಗಲಿಲ್ಲ. ಆದರೂ ತನ್ನ ದೇಶ ಕಳೆದುಕೊಂಡವನು ಇನ್ನೊಬ್ಬರ ದೇಶಕ್ಕಾಗಿ ಹೀಗೆ ಸತ್ತನಲ್ಲ, ಜನ ಹಿಡಿದಿಟ್ಟುಕೊಂಡದ್ದು ಅದನ್ನೇ.

ಅವನು ಸತ್ತ 16 ವರ್ಷಕ್ಕೆ ಪೋಲೆಂಡ್ ಎಂಬ ದೇಶವೇ ಇಲ್ಲವಾಯಿತು. ರಷ್ಯಾ, ಜರ್ಮನ್ನರ ಪ್ರಶ್ಯಾ, ಆಸ್ಟ್ರಿಯಾ ಸೇರಿ 1772 ಮತ್ತು 1795ರಲ್ಲಿ, ನಡುವೆ 1793ರಲ್ಲಿ ರಷ್ಯಾ, ಪ್ರಶ್ಯಾ ಎರಡೇ ಸೇರಿ ಅದನ್ನು ಹಂಚಿಕೊಂಡವು. ಮುಂದೆ 123 ವರ್ಷ ಭೂಪಟದಲ್ಲಿ ಸ್ವತಂತ್ರ ಪೋಲೆಂಡ್ ಇರಲಿಲ್ಲ. ಶಿಕಾಗೋದ ಕಸಾಯಿಖಾನೆಗಳಿಗೆ, ಉಕ್ಕಿನ ಕಾರ್ಖಾನೆಗಳಿಗೆ ಪೋಲಿಷ್ ಜನ ಸಾವಿರಗಟ್ಟಲೆ ಬಂದದ್ದು ಈ ಕಾಲದಲ್ಲೇ. ಕಾಗದದಲ್ಲಿ ಒಬ್ಬ ರಷ್ಯಾದವ, ಇನ್ನೊಬ್ಬ ಜರ್ಮನಿಯವ, ಮತ್ತೊಬ್ಬ ಆಸ್ಟ್ರಿಯಾದವ. ಮನೆಯಲ್ಲಿ ಆಡುವ ಮಾತು ಒಂದೇ. ‘ನೀವು ಯಾರು?’ ಅಂತ ಕೇಳಿದವರಿಗೆ ತೋರಿಸಲು ಒಂದು ದೇಶವಿರಲಿಲ್ಲ, ಪುಲಾಸ್ಕಿ ಇದ್ದ. ಈ ದೇಶ ಹುಟ್ಟುವಾಗ ನಮ್ಮವನೊಬ್ಬನ ರಕ್ತವೂ ಬಿದ್ದಿದೆ ಅಂತ ಹೇಳಬಹುದಿತ್ತು. 1910ರಲ್ಲಿ ವಾಷಿಂಗ್ಟನ್ ನಗರದಲ್ಲಿ ಅವನ ಪ್ರತಿಮೆ ಎದ್ದಾಗ ಪೋಲೆಂಡ್ ಇನ್ನೂ ಬಿಡುಗಡೆಯಾಗಿರಲಿಲ್ಲ. ಅದು ಮತ್ತೆ ಭೂಪಟಕ್ಕೆ ಬಂದದ್ದು 1918ರಲ್ಲಿ. 1929ರಲ್ಲಿ, ಅವನು ಸತ್ತು 150 ವರ್ಷವಾದಾಗ, ಅಮೆರಿಕದ ಸಂಸತ್ತು ಅಕ್ಟೋಬರ್ 11ನ್ನು ಅವನ ಸ್ಮರಣೆಗೆ ಗೊತ್ತು ಮಾಡಿತು.

ಶಿಕಾಗೋದಲ್ಲಿ ಈ ಹೆಸರಿಗಾಗಿ ಜಗಳವೂ ಆಗಿದೆ. 1933ರಲ್ಲಿ ಮೇಯರ್ ಎಡ್ವರ್ಡ್ ಕೆಲ್ಲಿ ಕಾಲದಲ್ಲಿ ಕ್ರಾಫರ್ಡ್ ಅವೆನ್ಯೂ ಎಂಬ ಉದ್ದನೆಯ ರಸ್ತೆಗೆ ಪುಲಾಸ್ಕಿ ರೋಡ್ ಅಂತ ಹೆಸರಿಟ್ಟರು. ಅಂಗಡಿಯವರು ಸಿಟ್ಟಾದರು. ಹಳೆಯ ಹೆಸರು ಹಿಂದೆ ತರಲು ಹಟ ಹಿಡಿದರು. ಸುಮ್ನೆ ಒಂದು ಬೋರ್ಡ್‌ನ ವಿಷಯ ಅನ್ನಿಸಬಹುದು. ಆದರೆ ಪೋಲಿಷ್ ಜನರಿಗೆ ಅದು ಈ ಊರಿನಲ್ಲಿ ತಮಗೆ ಮರ್ಯಾದೆ ಇದೆಯೋ ಇಲ್ಲವೋ ಎಂಬ ಪ್ರಶ್ನೆ. ವ್ಯಾಜ್ಯ ರಾಜ್ಯದ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 1952ರಲ್ಲಿ ಪುಲಾಸ್ಕಿ ಹೆಸರು ಉಳಿಯಿತು.

ಮಾರ್ಚ್ ಸೋಮವಾರ ಬಂದದ್ದು ಇನ್ನೂ ತಡವಾಗಿ. 1977ರಲ್ಲಿ ಇಲಿನಾಯ್ಸ್ ಕಾನೂನು ಮಾಡಿತು. ಸಾವಿನ ದಿನ ಅಕ್ಟೋಬರ್‌ಗೆ ಆಗಲೇ ಸೇರಿದ್ದರಿಂದ ಇಲ್ಲಿ ಹುಟ್ಟಿದ ತಿಂಗಳು ಬಂತು. 80ರ ದಶಕದಲ್ಲಿ ಶಾಲೆಗಳಿಗೂ ರಜೆ ಸಿಕ್ಕಿತು. ಆಮೇಲೆ ಕಾನೂನು ಸಡಿಲವಾಯಿತು: ಅವನ ಬಗ್ಗೆ ಪಾಠ ಮಾಡುವುದಾದರೆ ಆ ದಿನ ಶಾಲೆ ನಡೆಸಬಹುದು. ಶಿಕಾಗೋದ ಸರ್ಕಾರಿ ಶಾಲೆಗಳು 2012ರಿಂದ ರಜೆ ಕೈಬಿಟ್ಟವು. ಪಾಠದ ದಿನಗಳು ಮುಖ್ಯ, ಒಪ್ಪುತ್ತೇನೆ. ಆದರೆ ರಜೆ ಇದ್ದಾಗ ಮಗು ‘ಯಾಕೆ ರಜೆ?’ ಅಂತಾದರೂ ಕೇಳುತ್ತಿತ್ತು, ಅಲ್ವಾ? ಆ ಪಾಠವನ್ನು ಶಾಲೆಗಳು ಮನಸ್ಸಿಟ್ಟು ಮಾಡಬೇಕು ಅಂತ ನನ್ನ ಆಸೆ.

2009ರಲ್ಲಿ ಅಮೆರಿಕ ಅವನಿಗೆ ಗೌರವ ಪೌರತ್ವ ಕೊಟ್ಟಿತು. ಸತ್ತು 230 ವರ್ಷವಾದ ಮೇಲೆ! ಸವಾನಾದ ಸ್ಮಾರಕದ ಕೆಳಗೆ ಸಿಕ್ಕ ಮೂಳೆಗಳನ್ನು ಪರೀಕ್ಷಿಸಿದವರು, ಅವು ಅವನವೇ ಎಂದೂ ಅವನು ಅಂತರಲಿಂಗಿಯಾಗಿ, ಅಂದರೆ ಪೂರ್ತಿ ಗಂಡೂ ಅಲ್ಲದ ಪೂರ್ತಿ ಹೆಣ್ಣೂ ಅಲ್ಲದ ದೇಹಲಕ್ಷಣಗಳೊಂದಿಗೆ, ಹುಟ್ಟಿರಬಹುದೆಂದೂ 2019ರಲ್ಲಿ ಹೇಳಿದರು.

ಶಿಕಾಗೋದ ಮಿಲ್ವಾಕಿ ಅವೆನ್ಯೂದಲ್ಲಿ ಪೋಲಿಷ್ ಮ್ಯೂಸಿಯಂ ಇದೆ. ಸವಾನಾದಲ್ಲಿ ಪುಲಾಸ್ಕಿ ಕುದುರೆಯಿಂದ ಬೀಳುವ ದೊಡ್ಡ ವರ್ಣಚಿತ್ರ ಅಲ್ಲಿದೆ. ಪುಲಾಸ್ಕಿ ಡೇ ಬಂದರೆ ಜನ ಅಲ್ಲಿ ಸೇರುತ್ತಾರೆ. ಇನ್ನು ಪುಲಾಸ್ಕಿ ರೋಡಿನಲ್ಲಿ ಉತ್ತರಕ್ಕೆ ಊರ ಗಡಿ ದಾಟಿ ಸ್ಕೋಕಿ, ಎವನ್ಸ್‌ಟನ್ ಕಡೆ ಹೋದರೆ ಅದೇ ರಸ್ತೆಯ ಬೋರ್ಡಿನಲ್ಲಿ ಇವತ್ತಿಗೂ ಕ್ರಾಫರ್ಡ್ ಅಂತಲೇ ಇದೆ.