ನೋವಿಲ್ಲದ ಕಾಲು, ನೋಡುವ ಕಣ್ಣು

ಕೋಲಾರ, ಮುಳಬಾಗಿಲು, ಕೆಜಿಎಫ್ ಕಡೆ ಯಾರಿಗಾದರೂ ಕಾಯಿಲೆ ಬಿಗಡಾಯಿಸಿತು ಅಂದರೆ 'ಒಂದ್ಸಲ ವೆಲ್ಲೂರಿಗೆ ತೋರಿಸ್ಕೊಂಡು ಬನ್ನಿ' ಅನ್ನುವವರು ಈಗಲೂ ಇದ್ದಾರೆ. ವೆಲ್ಲೂರು ಅಂದರೆ ಸಿಎಂಸಿ, ಅಂದರೆ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಆಸ್ಪತ್ರೆ. ಕಾಟ್ಪಾಡಿ ಜಂಕ್ಷನ್ನಿನಲ್ಲಿ ರೈಲಿಳಿದು, ಕೈಯಲ್ಲಿ ಹಳೆಯ ಸ್ಕ್ಯಾನ್ ರಿಪೋರ್ಟುಗಳ ಕವರು ಹಿಡಿದು ಬರುವವರಲ್ಲಿ ನಮ್ಮವರಷ್ಟೇ ಅಲ್ಲ, ಬಂಗಾಳ, ಜಾರ್ಖಂಡ್, ಈಶಾನ್ಯ ರಾಜ್ಯಗಳು, ಬಾಂಗ್ಲಾದೇಶದವರೂ ಇರುತ್ತಾರೆ.

ಅಮೆರಿಕದಲ್ಲಿ ವೈದ್ಯಕೀಯ ಓದಿ ಬಂದ ಐಡಾ ಸ್ಕಡರ್ 1900ರಲ್ಲಿ ಇಲ್ಲಿ ಒಂದೇ ಹಾಸಿಗೆಯ ಚಿಕಿತ್ಸಾಲಯ ಶುರುಮಾಡಿದರು. ಎರಡು ವರ್ಷದಲ್ಲಿ ಅದು 40 ಹಾಸಿಗೆಯ ಆಸ್ಪತ್ರೆಯಾಯಿತು. ಆಮೇಲೆ ನಡೆದದ್ದನ್ನು ಸ್ವಲ್ಪ ಗಮನವಿಟ್ಟು ನೋಡಬೇಕು. ನರ್ಸಿಂಗ್ ಶಾಲೆ ತೆರೆದದ್ದು 1909ರಲ್ಲಿ, ಹೆಣ್ಣುಮಕ್ಕಳ ವೈದ್ಯಕೀಯ ಶಾಲೆ ತೆರೆದದ್ದು 1918ರಲ್ಲಿ. ವೈದ್ಯರನ್ನು ತಯಾರು ಮಾಡುವುದಕ್ಕೆ ಒಂಬತ್ತು ವರ್ಷ ಮೊದಲೇ ಇಲ್ಲಿ ನರ್ಸುಗಳನ್ನು ತಯಾರು ಮಾಡತೊಡಗಿದ್ದರು. ನಮ್ಮ ದೇಶದಲ್ಲಿ ನರ್ಸಿಂಗಿಗೆ ವಿಶ್ವವಿದ್ಯಾಲಯದ ಪದವಿ ಬಂದದ್ದು 1946ರಲ್ಲಿ, ದೆಹಲಿಯಲ್ಲಿ ಮತ್ತು ವೆಲ್ಲೂರಿನಲ್ಲಿ. ಈ ಆಸ್ಪತ್ರೆಯ ಸಂಶೋಧನೆಗಳ ಬಗ್ಗೆ ಬರೆಯುವಾಗ ಸಾಮಾನ್ಯವಾಗಿ ಸರ್ಜನ್ನರ, ವಿಜ್ಞಾನಿಗಳ ಹೆಸರು ಮುಂದೆ ಬರುತ್ತದೆ. ಅದು ನ್ಯಾಯವೇ. ಆದರೆ ಆ ಸಂಶೋಧನೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಅವುಗಳ ಬುಡದಲ್ಲಿರುವುದು ದಿನವೂ, ಬೇಸರಿಸದೆ, ಅದೇ ಮೈಯನ್ನು ಮತ್ತೆ ಮತ್ತೆ ನೋಡುವ ಕೆಲಸ. ಅದು ನರ್ಸಿಂಗಿನ ಕೆಲಸ ಎಂದೇ ನಾನು ತಿಳಿದಿದ್ದೇನೆ.

ಕುಷ್ಠರೋಗದಿಂದಲೇ ಶುರುಮಾಡೋಣ. ಈ ರೋಗ ಬಂದವರ ಬೆರಳು ತಾವಾಗಿಯೇ ಕೊಳೆತು ಉದುರುತ್ತವೆ ಎಂದು ಈಗಲೂ ನಂಬುವವರಿದ್ದಾರೆ. 1940ರ ದಶಕದಲ್ಲಿ ವೈದ್ಯರೂ ಹೆಚ್ಚುಕಡಿಮೆ ಹೀಗೇ ನಂಬಿದ್ದರು: ಇವರದು ಕೆಟ್ಟ ಮಾಂಸ, ಕೊಯ್ದರೆ ಮಾಯುವುದಿಲ್ಲ. ಹಾಗಾಗಿ ಕೊಯ್ಯುವ ಗೋಜಿಗೇ ಯಾರೂ ಹೋಗುತ್ತಿರಲಿಲ್ಲ.

ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಓದಿ, 1946ರಲ್ಲಿ ವೆಲ್ಲೂರಿಗೆ ಸರ್ಜನ್ ಆಗಿ ಬಂದ ಪಾಲ್ ಬ್ರ್ಯಾಂಡ್, ಮರುವರ್ಷ ಚೆಂಗಲ್‌ಪಟ್ಟಿನ ಕುಷ್ಠರೋಗ ಆಸ್ಪತ್ರೆ ನೋಡಲು ಹೋದರು. ಅಲ್ಲಿ ಕೈ ಮುರುಟಿಹೋಗಿದ್ದ ರೋಗಿಯೊಬ್ಬನಿಗೆ ತಮ್ಮ ಕೈ ಕೊಟ್ಟು, ಎಷ್ಟು ಗಟ್ಟಿಯಾಗಿ ಹಿಡಿಯಲಾಗುತ್ತದೋ ಹಿಡಿ ಎಂದರು. ಆತ ಹಿಡಿದ ಹಿಡಿತಕ್ಕೆ ಬ್ರ್ಯಾಂಡ್ ನೋವಿನಿಂದ ಚೀರುವಂತಾಯಿತು. ಕೊಳೆಯುತ್ತಿರುವ ಕೈಗೆ ಇಷ್ಟು ಕಸುವು ಎಲ್ಲಿಂದ ಬಂತು?

ಉತ್ತರ ಇದ್ದದ್ದು ನರಗಳ ದಾರಿಯಲ್ಲಿ. ಮೊಣಕೈಯ ಒಳಬದಿ ಎಲ್ಲಿಗಾದರೂ ತಗುಲಿದರೆ ಕಿರುಬೆರಳಿನವರೆಗೂ ಜುಮ್ ಎನ್ನುತ್ತದಲ್ಲ, ಅಲ್ಲೊಂದು ನರ ಚರ್ಮದ ತೀರ ಹತ್ತಿರ ಹಾದುಹೋಗುತ್ತದೆ. ಮಣಿಕಟ್ಟಿನಲ್ಲೂ ಹೀಗೇ ಇನ್ನೊಂದು. ಕುಷ್ಠದ ಬ್ಯಾಕ್ಟೀರಿಯಾಕ್ಕೆ ಮೈಯ ತಂಪು ಜಾಗಗಳೇ ಇಷ್ಟ. ಮಾಂಸದ ಆಳದಲ್ಲಿ ಬೆಚ್ಚಗಿರುವ ನರವನ್ನು ಅದು ಅಷ್ಟಾಗಿ ಮುಟ್ಟುವುದಿಲ್ಲ, ಚರ್ಮದ ಹತ್ತಿರ ಬಂದ ನರವನ್ನು ಹಾಳುಗೆಡವುತ್ತದೆ. ಹಾಗಾಗಿ ಅಂಗೈಯೊಳಗಿನ ಸಣ್ಣ ಸ್ನಾಯುಗಳು ಸತ್ತು ಬೆರಳುಗಳು ಮುರುಟಿಕೊಳ್ಳುತ್ತವೆ, ಸ್ಪರ್ಶವೂ ಹೋಗುತ್ತದೆ. ಆದರೆ ಬೆರಳನ್ನು ಎಳೆದು ಮಡಿಸುವ ಮುಂಗೈಯ ದೊಡ್ಡ ಸ್ನಾಯುಗಳು ಬಹುಪಾಲು ಗಟ್ಟಿಯಾಗೇ ಉಳಿಯುತ್ತವೆ.

ಅಂದರೆ ಸಾಲ ತರಲು ಮೈಯಲ್ಲೇ ಬಂಡವಾಳವಿತ್ತು. ಕಿರುಬೆರಳಿನಿಂದ ತೋರುಬೆರಳಿನವರೆಗೆ ಪ್ರತಿ ಬೆರಳನ್ನೂ ಮಡಿಸಲು ಎರಡೆರಡು ಸ್ನಾಯುರಜ್ಜುಗಳಿವೆ, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗಳು. ಅವುಗಳಲ್ಲಿ ಒಂದನ್ನು ಬಿಡಿಸಿ ಬೇರೆ ಕಡೆ ಜೋಡಿಸಿದರೂ ಇನ್ನೊಂದರಿಂದ ಕೆಲಸ ನಡೆಯುತ್ತದೆ. 1948ರಲ್ಲಿ ಬ್ರ್ಯಾಂಡ್ ವೆಲ್ಲೂರಿನಲ್ಲಿ ಮುರುಟಿದ ಕೈಯೊಂದರ ಶಸ್ತ್ರಚಿಕಿತ್ಸೆ ಮಾಡಿದರು. ಕುಷ್ಠರೋಗಿಯ ಕೈಯನ್ನು ಮತ್ತೆ ಕೆಲಸಕ್ಕೆ ಬರುವಂತೆ ಮಾಡಿದ ಶಸ್ತ್ರಚಿಕಿತ್ಸೆಗಳಲ್ಲಿ ಜಗತ್ತಿಗೇ ಅದು ಮೊದಲನೆಯದು ಎಂದು ದಾಖಲಾಗಿದೆ. ಕೊಯ್ದ ಜಾಗ ಎಲ್ಲರ ಮೈ ಮಾಯುವ ಹಾಗೇ ಮಾಯಿತು. ಕೆಟ್ಟ ಮಾಂಸ ಎಂಬ ಮಾತು ಅಲ್ಲಿಗೆ ಬಿದ್ದುಹೋಯಿತು.

ಶಸ್ತ್ರಚಿಕಿತ್ಸೆ ಮುಗಿದ ಮೇಲೆ ವಾರಗಟ್ಟಲೆ ಕೈಗೆ ಹೊಸ ಪಾಠ. ನಿನ್ನೆಯವರೆಗೆ ಬೆರಳು ಮಡಿಸುತ್ತಿದ್ದ ಸ್ನಾಯು ಈಗ ಬೆರಳನ್ನು ನೆಟ್ಟಗಾಗಿಸಬೇಕು. ಮಿದುಳು ಇದನ್ನು ಕಲಿಯಬೇಕಾದರೆ ಪಕ್ಕದಲ್ಲಿ ಕುಳಿತು ಹೇಳಿಕೊಡುವವರು ಬೇಕು. ಆ ಕೆಲಸ ಫಿಸಿಯೋಥೆರಪಿಯವರದು.

ಆದರೆ ಕೈ ಸರಿಹೋಗಿ ಕೆಲಸಕ್ಕೆ ಮರಳಿದವರ ಕೈಯಲ್ಲೇ ಹೊಸ ಗಾಯಗಳು ಕಾಣಿಸತೊಡಗಿದವು. ಬ್ರ್ಯಾಂಡ್ ಒಮ್ಮೆ ತುಕ್ಕು ಹಿಡಿದ ಬೀಗದ ಕೀಲಿ ತಿರುಗಿಸಲಾಗದೆ ಒದ್ದಾಡುತ್ತಿದ್ದಾಗ, ಹುಡುಗ ರೋಗಿಯೊಬ್ಬ ಬಂದು ಒಂದೇ ಪಟ್ಟಿಗೆ ತಿರುಗಿಸಿಬಿಟ್ಟ. ನೆಲದ ಮೇಲೆ ರಕ್ತದ ಹನಿ ಬಿದ್ದಿತ್ತು. ನೋಡಿದರೆ ಕೀಲಿ ಬೆರಳನ್ನು ಮೂಳೆಯವರೆಗೂ ಸೀಳಿತ್ತು, ಹುಡುಗನಿಗೆ ಗೊತ್ತೇ ಆಗಿರಲಿಲ್ಲ. ಅಲ್ಲಿಂದ ಮುಂದೆ ಒಂದೊಂದು ಗಾಯಕ್ಕೂ ಕಾರಣ ಹುಡುಕತೊಡಗಿದರು. ಬಿಸಿ ಪಾತ್ರೆ, ಸುತ್ತಿಗೆಯ ಹಿಡಿ, ಬೆರಳ ಸಂದಿಯಲ್ಲಿ ಉರಿದುಹೋದ ಬೀಡಿ. ರಾತ್ರಿ ಮಲಗಿದಾಗ ಬೆರಳ ತುದಿ ಮಾಯವಾಗುತ್ತಿದ್ದದ್ದಕ್ಕೆ ಕಾರಣ ಇಲಿ. ನೋವು ಗೊತ್ತಾಗದ ಕೈಯನ್ನು ಇಲಿ ಕಡಿದರೆ ನಿದ್ದೆ ಮಾಡುವವರಿಗೆ ಎಚ್ಚರವಾಗುವುದಾದರೂ ಹೇಗೆ? ರೋಗಿಗಳಿಗೆ ಬೆಕ್ಕು ಸಾಕಲು ಕೊಟ್ಟರು, ಆ ಗಾಯಗಳು ನಿಂತವು.

ವಿಜ್ಞಾನದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಪ್ರಯೋಗಗಳು ಬೇಕಾದಷ್ಟಿವೆ. ಆದರೆ ಒಂದು ರೋಗದ ಬಗ್ಗೆ ಸಾವಿರಾರು ವರ್ಷದಿಂದ ಮನುಷ್ಯರು ನಂಬಿಕೊಂಡು ಬಂದದ್ದನ್ನು ಇಷ್ಟು ಸರಳವಾಗಿ, ಗಾಯ ಎಣಿಸಿ, ಸುಳ್ಳು ಮಾಡಿ ತೋರಿಸಿದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಬೆರಳು ತಿನ್ನುತ್ತಿದ್ದದ್ದು ರೋಗವಲ್ಲ, ನೋವು ಇಲ್ಲದಿರುವುದು.

ಕಾಲಿನ ಕಥೆಯೂ ಇದೇ. ದೂರ ನಡೆದಾಗ ಪಾದದ ಒಂದು ಕಡೆ ಉರಿಯತೊಡಗಿದರೆ ನಮಗೆ ಅರಿವಿಲ್ಲದೆಯೇ ಭಾರವನ್ನು ಇನ್ನೊಂದು ಕಡೆ ಹಾಕುತ್ತೇವೆ, ಸ್ವಲ್ಪ ಕುಂಟುತ್ತೇವೆ, ಕೂರುತ್ತೇವೆ. ಸ್ಪರ್ಶ ಹೋದ ಕಾಲು ಹಾಗೆ ಮಾಡುವುದಿಲ್ಲ. ಅದೇ ಜಾಗದ ಮೇಲೆ ಹೆಜ್ಜೆ ಮೇಲೆ ಹೆಜ್ಜೆ ಬೀಳುತ್ತದೆ. ಒಳಗೆ ಊತ ಬರುತ್ತದೆ, ಜಾಗ ಬಿಸಿಯಾಗುತ್ತದೆ, ಕೊನೆಗೆ ಒಡೆದು ಹುಣ್ಣಾಗುತ್ತದೆ. ಒಡೆಯುವುದಕ್ಕೆ ಮೊದಲಿನ ಆ ಬಿಸಿಯನ್ನು ಮುಟ್ಟಿ ಕಂಡುಹಿಡಿಯಬಹುದು. ಹುಣ್ಣಾಗಿದ್ದರೆ ಕಾಲಿಗೆ ಪ್ಲಾಸ್ಟರ್ ಹಾಕಿ ಭಾರವನ್ನು ಇಡೀ ಪಾದಕ್ಕೆ ಹಂಚಿದರೆ ಅದು ಮಾಯುತ್ತದೆ.

ಇದರಿಂದ ಹುಟ್ಟಿದ ಆರೈಕೆಯ ಕ್ರಮ ನೋಡಲು ತೀರ ಸಾಧಾರಣ. ದಿನವೂ ಕಾಲನ್ನು ನೀರಿನಲ್ಲಿ ನೆನೆಸು. ಗಡುಸಾದ ಚರ್ಮವನ್ನು ಮೆಲ್ಲಗೆ ಉಜ್ಜಿ ತೆಗೆ. ಒದ್ದೆ ಇರುವಾಗಲೇ ಎಣ್ಣೆ ಸವರು. ಬೆರಳ ಸಂದಿ ನೋಡು, ಅಂಗಾಲು ನೋಡು. ಮೆತ್ತನೆಯ ಮೈಕ್ರೋಸೆಲ್ಯುಲರ್ ರಬ್ಬರಿನ ಚಪ್ಪಲಿ ಹಾಕಿಕೋ. ಇವತ್ತು ಸರ್ಕಾರದ ಕುಷ್ಠರೋಗ ಕಾರ್ಯಕ್ರಮದಲ್ಲಿ ಕೊಡುವ ಎಂಸಿಆರ್ ಚಪ್ಪಲಿ ಇದೇ. ರೋಗಿಯ ಕಾಲನ್ನು ತನ್ನ ಮಡಿಲ ಹತ್ತಿರಕ್ಕೆ ಎಳೆದುಕೊಂಡು ಇದನ್ನೆಲ್ಲ ಮಾಡಿ ತೋರಿಸಿದ, ರೋಗಿ ತಾನೇ ಮಾಡಿಕೊಳ್ಳುವವರೆಗೂ ಬಿಡದೆ ಕಲಿಸಿದ ಸಿಸ್ಟರುಗಳ ಹೆಸರು ಯಾವ ಸಂಶೋಧನಾ ಪ್ರಬಂಧದ ಮೇಲೂ ಇರುವುದಿಲ್ಲ. ಅದೂ ಯಾರೂ ಕುಷ್ಠರೋಗಿಗಳನ್ನು ಮುಟ್ಟದಿದ್ದ ಕಾಲದಲ್ಲಿ ಮಾಡಿದ ಕೆಲಸ.

ನಮ್ಮ ಮನೆಗಳಿಗೂ ಇದು ಸಂಬಂಧಪಟ್ಟದ್ದು. ಸಕ್ಕರೆ ಕಾಯಿಲೆ ಹಳೆಯದಾದಾಗ ಪಾದದ ನರಗಳು ಹೀಗೇ ಮರಗಟ್ಟುತ್ತವೆ, ಚಪ್ಪಲಿಯೊಳಗೆ ಸೇರಿದ ಕಲ್ಲು ಸಂಜೆಯವರೆಗೂ ಗೊತ್ತಾಗುವುದಿಲ್ಲ. ಮಧುಮೇಹದ ಕ್ಲಿನಿಕ್ಕಿನಲ್ಲಿ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಒತ್ತಿ 'ಗೊತ್ತಾಗ್ತಿದೆಯಾ?' ಎಂದು ಕೇಳುತ್ತಾರಲ್ಲ, ಆ ಎಳೆ ಬಾಗುವುದು 10 ಗ್ರಾಂ ಬಲಕ್ಕೆ. ಅಷ್ಟೂ ಗೊತ್ತಾಗದಿದ್ದರೆ ಆ ಕಾಲು ಅಪಾಯದಲ್ಲಿದೆ ಎಂದು ಲೆಕ್ಕ. ಅಪ್ಪನಿಗೋ ಅಜ್ಜಿಗೋ ಸಕ್ಕರೆ ಕಾಯಿಲೆಯಿದ್ದರೆ ರಾತ್ರಿ ಮಲಗುವ ಮುಂಚೆ ಅಂಗಾಲು ನೋಡುವ ರೂಢಿ ಮಾಡಿಕೊಳ್ಳಿ. ಕಾಲು ಕತ್ತರಿಸುವ ಪ್ರಮೇಯ ಎಷ್ಟೋ ಜನರಿಗೆ ಇದರಿಂದಲೇ ತಪ್ಪಿದೆ.

ಬ್ರ್ಯಾಂಡ್ ಜೊತೆ ಕೆಲಸ ಮಾಡಿದ ಮೇರಿ ವರ್ಗೀಸ್ ಅವರ ಬಾಳಿನಲ್ಲಿ ಇದೇ ಪಾಠ ಇನ್ನೊಂದು ದಾರಿಯಿಂದ ಬಂತು. ಕೇರಳದಿಂದ ಬಂದು ವೆಲ್ಲೂರಿನಲ್ಲಿ ಓದಿ ವೈದ್ಯೆಯಾದವರು. 1954ರಲ್ಲಿ ರಸ್ತೆ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಕೈಯ ಶಸ್ತ್ರಚಿಕಿತ್ಸೆಯನ್ನು ಕುಳಿತೇ ಮಾಡಬಹುದು ಎಂದು ಬ್ರ್ಯಾಂಡ್ ಒತ್ತಾಯಿಸಿದರು. ಗಾಲಿಕುರ್ಚಿಯಲ್ಲಿ ಕುಳಿತ ವೈದ್ಯೆ ಕುಷ್ಠರೋಗಿಗಳ ಕೈ ಸರಿಮಾಡತೊಡಗಿದರು. ಮುಂದೆ ಆಸ್ಟ್ರೇಲಿಯಾ ಮತ್ತು ನ್ಯೂಯಾರ್ಕಿನಲ್ಲಿ ತರಬೇತಿ ಪಡೆದು ಬಂದು ಸಿಎಂಸಿಯ ಪುನಶ್ಚೇತನ ವಿಭಾಗದ ಮುಖ್ಯಸ್ಥೆಯಾದರು. 1966ರಲ್ಲಿ ಅವರ ಕನಸಿನ ಪುನಶ್ಚೇತನ ಕೇಂದ್ರ ತೆರೆಯಿತು. 1972ರಲ್ಲಿ ಪದ್ಮಶ್ರೀ ಬಂತು.

ಬೆನ್ನುಹುರಿಗೆ ಪೆಟ್ಟು ಬಿದ್ದವರನ್ನು ಒಂದು ಕಾಲದಲ್ಲಿ ಕೊಲ್ಲುತ್ತಿದ್ದದ್ದು ಬಹುಮಟ್ಟಿಗೆ ಮೂತ್ರದ ಸೋಂಕು ಮತ್ತು ಹಾಸಿಗೆ ಹುಣ್ಣು. ನಾವು ನಿದ್ದೆಯಲ್ಲೂ ಮಗ್ಗುಲು ಬದಲಿಸುತ್ತಲೇ ಇರುತ್ತೇವೆ, ಒತ್ತಿದ ಜಾಗಕ್ಕೆ ಮತ್ತೆ ರಕ್ತ ಹರಿಯುತ್ತದೆ. ಸ್ಪರ್ಶವೂ ಸ್ವಾಧೀನವೂ ಇಲ್ಲದವರಿಗೆ ಸೊಂಟದ ಮೂಳೆಯ ಮೇಲಿನ ಚರ್ಮ ಕೆಲವೇ ಗಂಟೆಗಳಲ್ಲಿ ರಕ್ತವಿಲ್ಲದೆ ಸಾಯತೊಡಗುತ್ತದೆ. ಎರಡು ಗಂಟೆಗೊಮ್ಮೆ, ನಡುರಾತ್ರಿಯೂ ಸೇರಿ, ರೋಗಿಯನ್ನು ಹೊರಳಿಸುವುದು ವಾರ್ಡಿನ ನಿಯಮ. ಹೊರಳಿಸುವಾಗಲೆಲ್ಲ ಸೊಂಟ, ಹಿಮ್ಮಡಿ, ಬೆನ್ನಿನ ಕೆಳಗೆ ಕೆಂಪಾಗಿದೆಯೇ ಎಂದು ನೋಡಬೇಕು, ಬರೆದಿಡಬೇಕು. ಗಾಲಿಕುರ್ಚಿಗೆ ಬಂದ ಮೇಲೆ ಕೈ ಊರಿ ಆಗಾಗ ಮೈ ಎತ್ತುವುದನ್ನೂ ಕನ್ನಡಿ ಹಿಡಿದು ತನ್ನ ಚರ್ಮ ತಾನೇ ನೋಡಿಕೊಳ್ಳುವುದನ್ನೂ ರೋಗಿಗೆ ಕಲಿಸುತ್ತಾರೆ. ನೋವು ಮಾಡಬೇಕಿದ್ದ ಕೆಲಸವನ್ನು ಇಲ್ಲಿ ಕಣ್ಣು ಮಾಡುತ್ತದೆ.

ಈ ನೋಡುವ ಶಿಸ್ತು ವಾರ್ಡಿನಿಂದ ಬೀದಿಗೂ ಹೋಯಿತು. ಬಾಯಿಗೆ ಹಾಕುವ ಪೋಲಿಯೊ ಹನಿ ಮೂರು ಸಲ ಹಾಕಿದರೆ ಸಾಕು ಎಂಬುದು ಪಾಶ್ಚಾತ್ಯ ದೇಶಗಳ ಅನುಭವ. ವೆಲ್ಲೂರಿನ ವೈರಾಣು ತಜ್ಞ ಟಿ. ಜೇಕಬ್ ಜಾನ್ ಹನಿ ಪಡೆದ ಇಲ್ಲಿನ ಮಕ್ಕಳ ರಕ್ತ ಪರೀಕ್ಷಿಸಿದಾಗ, ಮೂರು ಡೋಸಿನ ನಂತರವೂ ಅನೇಕರಲ್ಲಿ ರಕ್ಷಣೆ ಮೂಡಿರಲಿಲ್ಲ. 1972ರಲ್ಲಿ ಅದನ್ನು ಪ್ರಕಟಿಸಿದರು. ಇನ್ನೂ ಹೆಚ್ಚು ಡೋಸು ಬೇಕು, ಒಂದೇ ಸಮಯಕ್ಕೆ ಊರಿನ ಮಕ್ಕಳಿಗೆಲ್ಲ ಹಾಕಬೇಕು ಎಂದು ವಾದಿಸುತ್ತ ಬಂದರು. ದೇಶದಾದ್ಯಂತ ಪಲ್ಸ್ ಪೋಲಿಯೊ ಶುರುವಾದದ್ದು 1995ರಲ್ಲಿ. ಭಾನುವಾರ ಮಗುವನ್ನು ಎತ್ತಿಕೊಂಡು ಅಂಗನವಾಡಿಗೆ ಹೋಗಿ ಹನಿ ಹಾಕಿಸಿದ ನೆನಪು ಕರ್ನಾಟಕದ ಪ್ರತಿ ಮನೆಯಲ್ಲೂ ಇದೆ. ಭಾರತದ ಕೊನೆಯ ಕಾಡು ಪೋಲಿಯೊ (ಲಸಿಕೆಯದಲ್ಲದ, ಸಹಜ ವೈರಸ್ಸಿನಿಂದ ಬರುವ ಪೋಲಿಯೊ) ಪ್ರಕರಣ ಪಶ್ಚಿಮ ಬಂಗಾಳದ ಹೌರಾದಲ್ಲಿ, 2011ರ ಜನವರಿಯಲ್ಲಿ.

ಮೂವತ್ತು ವರ್ಷದ ಮೇಲೆ ಅದೇ ಊರಿನಲ್ಲಿ ರೋಟಾವೈರಸ್ ಭೇದಿಯ ಅಧ್ಯಯನ ನಡೆಯಿತು. ಗಗನ್‌ದೀಪ್ ಕಾಂಗ್ ಅವರ ತಂಡ ವೆಲ್ಲೂರಿನ ಬಡ ಕೇರಿಗಳಲ್ಲಿ ಆಗತಾನೆ ಹುಟ್ಟಿದ 452 ಮಕ್ಕಳನ್ನು ಸೇರಿಸಿಕೊಂಡಿತು. ಕ್ಷೇತ್ರ ಕಾರ್ಯಕರ್ತರು ವಾರಕ್ಕೆರಡು ಸಲ ಮನೆಗೆ ಹೋಗಬೇಕು, ಭೇದಿಯಾಗಿದೆಯೇ ಎಂದು ಕೇಳಬೇಕು. ಮಗು ಚೆನ್ನಾಗಿದ್ದರೂ ಹದಿನೈದು ದಿನಕ್ಕೊಮ್ಮೆ ಮಲದ ಮಾದರಿ ತರಬೇಕು. ಹೀಗೆ ಮೂರು ವರ್ಷ. 373 ಮಕ್ಕಳು ಕೊನೆಯವರೆಗೂ ಉಳಿದರು. ಕೂಲಿಗೆ ಹೋಗುವ ತಾಯಂದಿರು ಮೂರು ವರ್ಷ ಬಾಗಿಲು ತೆರೆದರೆಂದರೆ, ಬಾಗಿಲು ತಟ್ಟಿದವರ ಮೇಲೆ ಎಷ್ಟು ವಿಶ್ವಾಸ ಇದ್ದಿರಬೇಕು! ಇದಕ್ಕೆ ಮೊದಲು ಮೆಕ್ಸಿಕೊದಲ್ಲಿ ನಡೆದ ಇಂಥದೇ ಅಧ್ಯಯನದಲ್ಲಿ, ಎರಡು ಸಲ ಸೋಂಕು ತಗುಲಿದ ಮಕ್ಕಳಿಗೆ ಜೋರಾದ ಭೇದಿ ಮತ್ತೆ ಬರುತ್ತಿರಲಿಲ್ಲ. ವೆಲ್ಲೂರಿನ ಮಕ್ಕಳಿಗೆ ಮೂರು ಸೋಂಕಿನ ನಂತರವೂ ರಕ್ಷಣೆ ಸಿಕ್ಕಿದ್ದು ಶೇ 79ರಷ್ಟು ಮಾತ್ರ. ದೆಹಲಿಯ ಏಮ್ಸ್‌ನಲ್ಲಿ ಸಿಕ್ಕ ವೈರಸ್ಸಿನಿಂದ ತಯಾರಾದ ರೋಟಾವ್ಯಾಕ್ ಲಸಿಕೆಯನ್ನು ಆಮೇಲೆ ದೆಹಲಿ, ಪುಣೆ, ವೆಲ್ಲೂರುಗಳಲ್ಲಿ ಸುಮಾರು 6,800 ಶಿಶುಗಳಲ್ಲಿ ಪರೀಕ್ಷಿಸಿದಾಗ ಉಗ್ರ ರೋಟಾವೈರಸ್ ಭೇದಿಯ ವಿರುದ್ಧ ಅದು ಕೊಟ್ಟ ರಕ್ಷಣೆ ಶೇ 54ರ ಆಸುಪಾಸು. ಅಂಕಿ ಸಣ್ಣದೆನಿಸಬಹುದು. ರೋಟಾವೈರಸ್ ಭೇದಿಯಿಂದ ಸಾಯುವ ಮಕ್ಕಳು ಇಷ್ಟಿರುವ ದೇಶದಲ್ಲಿ ಅದರರ್ಧ ತಪ್ಪಿದರೂ ಅದು ಬಹಳವೇ ದೊಡ್ಡದು. 2016ರಲ್ಲಿ ಅದು ರಾಷ್ಟ್ರೀಯ ಲಸಿಕಾ ಕಾರ್ಯಕ್ರಮಕ್ಕೆ ಸೇರಿತು. ಕಾಂಗ್ 2019ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು.

ತೀರ ಈಚಿನ ಸಾಧನೆ ಹಿಮೋಫಿಲಿಯಾದ್ದು, ಕನ್ನಡದಲ್ಲಿ ಕುಸುಮ ರೋಗ. ದಾವಣಗೆರೆಯಲ್ಲಿ ಈ ರೋಗಿಗಳಿಗಾಗಿಯೇ ದುಡಿಯುವ ಸಂಸ್ಥೆಯಿರುವುದರಿಂದ ನಮ್ಮಲ್ಲಿ ಹಲವರಿಗೆ ಇದು ಗೊತ್ತು. ಇದರ 'ಎ' ಬಗೆಯಲ್ಲಿ, ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ 8 ಎಂಬ ಪ್ರೋಟೀನು ಮೈಯಲ್ಲಿ ತಯಾರಾಗದೆ, ಗಂಟುಗಳೊಳಗೆ ತಾನಾಗಿ ರಕ್ತ ಸೋರುತ್ತದೆ. ಅಲೋಕ್ ಶ್ರೀವಾಸ್ತವ ಅವರ ತಂಡ ಅಮೆರಿಕದ ಎಮರಿ ವಿಶ್ವವಿದ್ಯಾಲಯದ ಜೊತೆ ಸೇರಿ ಐದು ಜನ ರೋಗಿಗಳಿಂದ ರಕ್ತದ ಮೂಲಕೋಶ (ಸ್ಟೆಮ್ ಸೆಲ್) ತೆಗೆದು, ಪಳಗಿಸಿದ ವೈರಸ್ಸಿನ ಮೂಲಕ ಅದಕ್ಕೆ ಫ್ಯಾಕ್ಟರ್ 8ರ ಜೀನ್ ಸೇರಿಸಿ, ಅವರಿಗೇ ವಾಪಸು ಕೊಟ್ಟಿತು. 2024ರ ಡಿಸೆಂಬರಿನಲ್ಲಿ ಫಲಿತಾಂಶ ಪ್ರಕಟವಾಯಿತು. ಐವರನ್ನೂ ಗಮನಿಸಿದ ಅವಧಿಯನ್ನು ಒಟ್ಟು ಕೂಡಿಸಿದರೆ 81 ತಿಂಗಳು, ಅಷ್ಟರಲ್ಲಿ ಚಿಕಿತ್ಸೆಯ ಫಲ ಶುರುವಾದ ಮೇಲೆ ಯಾರಿಗೂ ರಕ್ತಸ್ರಾವವಾಗಿರಲಿಲ್ಲ.

ಈ ಚಿಕಿತ್ಸೆಯಲ್ಲಿ ಹೊಸ ಕೋಶಕ್ಕೆ ಜಾಗ ಮಾಡಲು ಮೊದಲು ತೀಕ್ಷ್ಣ ಔಷಧಿ ಕೊಟ್ಟು ಅಸ್ಥಿಮಜ್ಜೆಯನ್ನು ಖಾಲಿ ಮಾಡಬೇಕಾಗುತ್ತದೆ. ಕೆಲವು ದಿನ ಬಿಳಿ ರಕ್ತಕಣವೇ ಇರುವುದಿಲ್ಲ. ಸಣ್ಣ ಸೋಂಕೂ ಜೀವಕ್ಕೆ ಕುತ್ತು, ಸೋಂಕಿನ ಮಾಮೂಲಿ ಗುರುತುಗಳಾದ ಊತ, ಕೀವು ಕಾಣುವುದೇ ಇಲ್ಲ. ಪ್ರತ್ಯೇಕ ಕೋಣೆಯಲ್ಲಿ ಪಾಳಿಯ ನರ್ಸು ಜ್ವರ ನೋಡುತ್ತ, ಬಾಯೊಳಗೆ ಹುಣ್ಣೆದ್ದಿದೆಯೇ ಎಂದು ಟಾರ್ಚ್ ಹಾಕಿ ನೋಡುತ್ತ, ರಕ್ತನಾಳಕ್ಕೆ ಹಾಕಿದ ಕೊಳವೆ, ಅಂದರೆ ಕ್ಯಾತಿಟರ್ ಇಟ್ಟ ಜಾಗ ಕೆಂಪಾಗಿದೆಯೇ ಎಂದು ಪರೀಕ್ಷಿಸುತ್ತ ಇರಬೇಕು. ಸೇರಿಸಿದ ಜೀನ್ ಕೋಶದ ಡಿಎನ್‌ಎಯೊಳಗೇ ಕೂರುವುದರಿಂದ, ಇಂಥ ಚಿಕಿತ್ಸೆ ಪಡೆದವರನ್ನು ಹದಿನೈದು ವರ್ಷದವರೆಗೆ ಕರೆಸಿ ಕರೆಸಿ ಪರೀಕ್ಷಿಸುವುದು ರೂಢಿ. ಆ ಐವರ ರಕ್ತವನ್ನು ಮುಂದಿನ ದಶಕದಲ್ಲೂ ಯಾರಾದರೂ ತೆಗೆಯುತ್ತಲೇ, ನೋಡುತ್ತಲೇ, ಬರೆದಿಡುತ್ತಲೇ ಇರಬೇಕಾಗುತ್ತದೆ.